ಬಿರುದಿಗೆ ತಲೆಕೊಟ್ಟವರು

ಹಂಪಿಗೆ ಬಂದವರು ವಿರೂಪಾಕ್ಷನ ದರ್ಶನ ಮುಗಿಸಿ ಪಕ್ಕದ ಹೇಮಕೂಟವನ್ನು ಏರುವುದು ಹೆಚ್ಚಾಗಿ ಸೂರ್ಯಾಸ್ತ ನೋಡಲು. ಆ ಬಂಡೆಯ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಿರಿದಾಗುತ್ತ ಹೋಗುವ ಕಲ್ಲಿನ ಶಿಖರಗಳುಳ್ಳ ಹಳೆಯ ಗುಡಿಗಳಿವೆ. ಅವನ್ನು ಜೈನ ಬಸದಿಗಳೆಂದು ತಿಳಿದು ಮುಂದೆ ಸಾಗುವವರೇ ಹೆಚ್ಚು. ಅವು ಶಿವಾಲಯಗಳು. ಮೂರು ಗರ್ಭಗುಡಿಗಳಿರುವ ಒಂದು ಗುಡಿಯ ಶಾಸನ ಹೇಳುವ ವಿಷಯ ಬಹಳ ಚಿಕ್ಕದು: ಮುಮ್ಮಡಿ ಸಿಂಗೆಯ ನಾಯಕನ ಮಗ ವೀರ ಕಂಪಿಲದೇವ ಈ ಶಿವಾಲಯವನ್ನು ಕಟ್ಟಿಸಿ ಮೂರು ಲಿಂಗಗಳನ್ನು ಸ್ಥಾಪಿಸಿದ. ಆಗ ವಿಜಯನಗರವೆಂಬ ಹೆಸರೇ ಹುಟ್ಟಿರಲಿಲ್ಲ. ಸಂಗಮನ ಮಕ್ಕಳಾದ ಹರಿಹರ, ಬುಕ್ಕರು ರಾಜ್ಯ ಕಟ್ಟಿದರೆಂದು ನಾವು ಶಾಲೆಯಲ್ಲಿ ಕಲಿತ 1336ನೇ ಇಸವಿಗೂ ಮುಂಚಿನ ಮಾತು ಇದು. ಹಂಪಿಯ ಬಂಡೆಗಳ ನಡುವೆ ಇನ್ನೊಬ್ಬ ಅರಸನಿದ್ದ, ಅವನಿಗೊಂದು ರಾಜ್ಯವಿತ್ತು, ಆ ರಾಜ್ಯ ಒಂದೇ ಯುದ್ಧದಲ್ಲಿ ಉರಿದುಹೋಯಿತು. ಅವನ ಊರು ಕಂಪ್ಲಿ, ಕೋಟೆಗಳು ಸಂಡೂರಿನ ಬೆಟ್ಟಗಳಲ್ಲಿ ಮತ್ತು ಹೊಳೆಯಾಚೆಯ ಕುಮ್ಮಟದಲ್ಲಿ. ಇಂದಿನ ಲೆಕ್ಕದಲ್ಲಿ ಅವನ ಸೀಮೆ ಬಳ್ಳಾರಿ, ವಿಜಯನಗರ, ಕೊಪ್ಪಳ ಎಂಬ ಮೂರು ಜಿಲ್ಲೆಗಳಲ್ಲಿ ಹಂಚಿಹೋಗಿದೆ.

ಈ ಕಂಪಿಲರಾಯನ ಹೆಸರು ಚರಿತ್ರೆಯ ಪುಸ್ತಕಗಳಲ್ಲಿ ಅಡಿಟಿಪ್ಪಣಿಯಷ್ಟೇ ಜಾಗ ಪಡೆದಿದೆ. ಆದರೆ ಅವನ ಮಗನನ್ನು ಜನ ಬಿಟ್ಟುಕೊಡಲಿಲ್ಲ. ಗಂಡುಗಲಿ ಕುಮಾರರಾಮ ಎಂದರೆ ತುಂಗಭದ್ರೆಯ ಎರಡೂ ದಡಗಳಲ್ಲಿ ಮನೆಮಾತು. ಅವನು ಸತ್ತನೆನ್ನುವ ಕಾಲದಿಂದ ಸುಮಾರು 200 ವರ್ಷಗಳ ಮೇಲೆ ನಂಜುಂಡ ಕವಿ ಅವನ ಚರಿತೆಯನ್ನು ಸಾಂಗತ್ಯದಲ್ಲಿ ಹಾಡಿದ. ಪಾಂಚಾಳ ಗಂಗ ಮತ್ತೊಮ್ಮೆ ಹಾಡಿದ. ಕಾವ್ಯದ ಹೊರಗೂ ಕಥೆ ಬೆಳೆಯಿತು. ಸಂಡೂರು ತಾಲ್ಲೂಕಿನ ದರೋಜಿಯಲ್ಲಿ ಬಾಳಿ 2014ರಲ್ಲಿ ತೀರಿಕೊಂಡ ನಾಡೋಜ ಬುರ್ರಕಥಾ ಈರಮ್ಮನವರು ಓದುಬರಹ ಕಲಿತವರಲ್ಲ. ಅವರ ನಾಲಿಗೆಯ ಮೇಲಿದ್ದ ಹನ್ನೆರಡು ಜನಪದ ಮಹಾಕಾವ್ಯಗಳಲ್ಲಿ ಕುಮಾರರಾಮನದೂ ಒಂದು. ದೂರದ ಮಲೆನಾಡಿನ ಸಾಗರ, ಹೊಸನಗರದ ಕಡೆ ಅವನ ಮರದ ತಲೆಗಳನ್ನು ಇಟ್ಟು ಪೂಜಿಸುವ, ಹಬ್ಬದ ದಿನ ಹೊರತರುವ ಊರುಗಳಿವೆ. 2006ರಲ್ಲಿ ಶಿವರಾಜ್‌ಕುಮಾರ್ ಅಭಿನಯದಲ್ಲಿ ಅವನ ಕಥೆ ಸಿನಿಮಾ ಕೂಡ ಆಯಿತು. ಸೋತ ಮನೆಯ ರಾಜಕುಮಾರನೊಬ್ಬ, ಗೆದ್ದ ಸಾಮ್ರಾಟರಿಗಿಂತ ಗಟ್ಟಿಯಾಗಿ ಜನರ ಬಾಯಲ್ಲಿ ಉಳಿದದ್ದು ಹೇಗೆ? ವೀರನಾದ್ದರಿಂದ ಎನ್ನುವುದು ಅರ್ಧ ಉತ್ತರ ಮಾತ್ರ. ಯುದ್ಧದಲ್ಲಿ ಸತ್ತ ವೀರರಿಗೆ ಈ ನಾಡಿನಲ್ಲಿ ಕೊರತೆಯಿಲ್ಲ, ಊರೂರ ವೀರಗಲ್ಲುಗಳೇ ಸಾಕ್ಷಿ. ನನ್ನ ವಾದ ಬೇರೆ. ಕನ್ನಡ ನಾಡಿನ ಅರಸರು ತಮ್ಮ ಶಾಸನಗಳಲ್ಲಿ ಸಲೀಸಾಗಿ ಕೆತ್ತಿಸಿಕೊಂಡ ಎರಡು ಬಿರುದುಗಳನ್ನು ಈ ತಂದೆ ಮಗನ ಕಥೆ ಅಕ್ಷರಶಃ ನಿಜವೆಂದು ಹಿಡಿಯಿತು. ಆ ಬಿರುದು ಹೊತ್ತವನು ಅದಕ್ಕೆ ಎಷ್ಟು ಬೆಲೆ ತೆರಬೇಕೆಂದು ಲೆಕ್ಕ ಹಾಕಿತು. ಕುಮಾರರಾಮನ ಐತಿಹ್ಯ ಹೀಗೆ ಅರಸುತನಕ್ಕೆ ಜನ ಒಡ್ಡಿದ ಪರೀಕ್ಷೆ.

ಮೊದಲು ರಾಜ್ಯದ ಸಂಗತಿ. ಕಂಪಿಲಿ, ಅಂದರೆ ಇಂದಿನ ಕಂಪ್ಲಿ, ಹೊಸ ಊರೇನಲ್ಲ. 11ನೇ ಶತಮಾನದಲ್ಲಿ ಅಲ್ಲಿ ಕಲ್ಯಾಣ ಚಾಲುಕ್ಯರ ಅರಮನೆಯಿತ್ತು, ಅದನ್ನು ಹಾಳುಗೆಡವಿದ್ದಾಗಿ ಚೋಳ ರಾಜಾಧಿರಾಜನ ಶಾಸನಗಳು ಹೇಳಿಕೊಳ್ಳುತ್ತವೆ. 13ನೇ ಶತಮಾನದ ಕೊನೆಯಲ್ಲಿ ದೇವಗಿರಿಯ ಸೇವುಣರ ಅಧೀನದಲ್ಲಿದ್ದ ಮುಮ್ಮಡಿ ಸಿಂಗೆಯ ನಾಯಕ ಈ ಸೀಮೆಯಲ್ಲಿ ಬಲಗೊಂಡ. 1296ರಲ್ಲಿ ಅಲಾವುದ್ದೀನ್ ಖಿಲ್ಜಿ ದೇವಗಿರಿಯ ಮೇಲೆ ಬಿದ್ದ ಮೇಲೆ ಸೇವುಣರ ಬೆನ್ನೆಲುಬು ಮುರಿಯಿತು, ಸ್ವಲ್ಪ ಕಾಲದಲ್ಲೇ ದೇವಗಿರಿ ದೆಹಲಿಯ ಸೊತ್ತಾಯಿತು. ಆ ಹೊತ್ತಿನಲ್ಲಿ ಸಿಂಗೆಯನ ಮಗ ಕಂಪಿಲ ಯಾರ ಹಂಗೂ ಇಲ್ಲದೆ ನಿಂತ. ದಕ್ಷಿಣಕ್ಕೆ ಹೊಯ್ಸಳ ಮೂರನೆಯ ಬಲ್ಲಾಳ, ಪೂರ್ವಕ್ಕೆ ಓರುಗಲ್ಲಿನ ಕಾಕತೀಯ ಪ್ರತಾಪರುದ್ರ, ಉತ್ತರಕ್ಕೆ ದೆಹಲಿಯ ಹೊಸ ದಂಡು. ಬಲ್ಲಾಳನಿಗೂ ಕಂಪಿಲನಿಗೂ 1320ರ ಆಸುಪಾಸಿನಲ್ಲಿ ದೊರವಡಿಯ ಬಳಿ ಕಾಳಗವಾಯಿತೆಂದು ಹೊಯ್ಸಳರ ಕಡೆಯ ಶಾಸನಗಳೇ ತಿಳಿಸುತ್ತವೆ. ಕಂಪಿಲನೆಂಬವನು ಕಟ್ಟುಕಥೆಯಲ್ಲ ಎಂಬುದಕ್ಕೆ ಹೀಗೆ ಎದುರಾಳಿಯ ಕಲ್ಲೇ ಪುರಾವೆ. 1323ರಲ್ಲಿ ಓರುಗಲ್ಲು ದೆಹಲಿಯ ವಶವಾದ ಮೇಲೆ ಕಂಪಿಲಿಯ ಎರಡು ಮಗ್ಗುಲಲ್ಲೂ ಸುಲ್ತಾನನ ರಾಜ್ಯವೇ ಇತ್ತು. ಕಬ್ಬಿಣದ ಅದಿರಿನ ಕೆಂಪು ಬೆಟ್ಟಗಳೂ ಗುಂಡುಬಂಡೆಗಳ ಗುಡ್ಡಗಳೂ ಕೊಟ್ಟ ಮರೆಯೊಂದೇ ಈ ಚಿಕ್ಕ ರಾಜ್ಯಕ್ಕೆ ಉಳಿದಿದ್ದ ಬಲ.

ಇಂಥ ಹೊತ್ತಿನಲ್ಲಿ, 1327ರ ಸುಮಾರಿಗೆ, ಅವನ ಬಾಗಿಲಿಗೊಬ್ಬ ಬಂದ. ಬಹಾವುದ್ದೀನ್ ಗುರ್ಶಾಸ್ಪ್ ದೆಹಲಿಯ ಸುಲ್ತಾನ ಮಹಮ್ಮದ್ ಬಿನ್ ತುಘಲಕನ ಹತ್ತಿರದ ಬಂಧು, ಇಂದಿನ ಯಾದಗಿರಿ ಜಿಲ್ಲೆಯ ಸಗರದಲ್ಲಿ ಅಧಿಕಾರಿಯಾಗಿದ್ದವನು. ಸುಲ್ತಾನನ ಮೇಲೆ ತಿರುಗಿಬಿದ್ದು, ಸೋತು, ಹೆಂಡತಿ ಮಕ್ಕಳೊಂದಿಗೆ ತಪ್ಪಿಸಿಕೊಂಡು ಓಡಿ ಬಂದಿದ್ದ. ಕಂಪಿಲ ಅವನನ್ನು ಒಳಗೆ ಕರೆದುಕೊಂಡ. ಹಿಂದೆಯೇ ದೆಹಲಿಯ ಸೈನ್ಯ ಬಂತು. ಮೊದಲ ದಾಳಿಗಳನ್ನು ಕಂಪಿಲನ ಕಡೆಯವರು ಹಿಮ್ಮೆಟ್ಟಿಸಿದರು. ಕೊನೆಗೆ ಕುಮ್ಮಟ ಬಿದ್ದು, ಅರಸ ತನ್ನ ಇನ್ನೊಂದು ಕೋಟೆಯಾದ ಹೊಸಮಲೆದುರ್ಗ ಸೇರಿ, ಅಲ್ಲಿ ಮುತ್ತಿಗೆ ಬಿಗಿಯಾಗಿ ದವಸ ಮುಗಿಯಿತು. ಆಗ ನಡೆದದ್ದನ್ನು ಬರೆದಿಟ್ಟವನು ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತಾ. ಅವನ ಪ್ರಕಾರ ರಾಯ ತನ್ನ ಆಶ್ರಿತನನ್ನು ಕರೆದು, ನಾನು ನನ್ನವರೊಂದಿಗೆ ಸಾಯಲು ನಿಶ್ಚಯಿಸಿದ್ದೇನೆ, ನೀನು ಇಂಥ ಅರಸನ ಬಳಿಗೆ ಹೋಗು, ಅವನು ನಿನ್ನನ್ನು ಕಾಯುತ್ತಾನೆ ಎಂದು ಹೇಳಿ ಜೊತೆಗೆ ಜನರನ್ನು ಕೊಟ್ಟು ಕಳಿಸಿದ. ಆಮೇಲೆ ದೊಡ್ಡ ಬೆಂಕಿ ಹಾಕಿಸಿದ. ರಾಣಿವಾಸದವರೂ ಮಂತ್ರಿ, ಸರದಾರರ ಮನೆಯ ಹೆಂಗಸರೂ ಮಿಂದು, ಗಂಧ ಪೂಸಿಕೊಂಡು, ಅರಸನಿಗೆ ನಮಸ್ಕರಿಸಿ ಬೆಂಕಿಗೆ ಹಾರಿದರು. ಗಂಡಸರೂ ಮಿಂದು, ಗಂಧ ಹಚ್ಚಿಕೊಂಡು, ಆಯುಧ ಹಿಡಿದು ಬಾಗಿಲು ತೆರೆದು ಹೊರಬಿದ್ದು ಕಡೆಯವರೆಗೂ ಕಾದಿ ಮಡಿದರು. ಗುರ್ಶಾಸ್ಪ್ ಹೋಗಿ ಸೇರಿದ್ದು ಹೊಯ್ಸಳ ಬಲ್ಲಾಳನನ್ನು. ಕಂಪಿಲನಿಗಾದ ಗತಿ ತನಗೂ ಬರುವುದೆಂದು ಅಂಜಿ ಬಲ್ಲಾಳ ಅವನನ್ನು ಹಿಡಿದು ಸುಲ್ತಾನನ ಕಡೆಯವರಿಗೆ ಒಪ್ಪಿಸಿದ. ಸುಲ್ತಾನ ಅವನ ಚರ್ಮ ಸುಲಿಸಿದ.

ಈ ಸಾಕ್ಷಿ ಎಷ್ಟು ನಂಬಲರ್ಹ? ಇಬ್ನ್ ಬತೂತಾ ದಕ್ಷಿಣದ ಯಾವ ರಾಯನ ಉಪ್ಪನ್ನೂ ತಿಂದವನಲ್ಲ. 1334ರಲ್ಲಿ ದೆಹಲಿ ಸೇರಿ, ಅದೇ ಮಹಮ್ಮದ್ ಬಿನ್ ತುಘಲಕನಿಂದ ಖಾಜಿಯ ಹುದ್ದೆ ಪಡೆದವನು. ಕಂಪಿಲನನ್ನು ಹೊಗಳುವುದರಿಂದ ಅವನಿಗೆ ಬರುವುದೇನೂ ಇರಲಿಲ್ಲ. ಸೆರೆಯಾಗಿ ದೆಹಲಿಗೆ ಹೋದ ಕಂಪಿಲನ ಹನ್ನೊಂದು ಗಂಡುಮಕ್ಕಳು ಇಸ್ಲಾಂ ಸ್ವೀಕರಿಸಿ ಸುಲ್ತಾನನ ಅಮೀರರಾದರೆಂದೂ, ಅವರಲ್ಲಿ ಮೂವರನ್ನು ತಾನು ಕಂಡಿದ್ದೇನೆಂದೂ, ಸುಲ್ತಾನ ಕುಡಿಯುವ ನೀರಿಗೆ ಮುದ್ರೆಯೊತ್ತುವ ಕೆಲಸದಲ್ಲಿದ್ದ ಅಬೂ ಮುಸ್ಲಿಂ ಎಂಬವನು ತನ್ನ ಸ್ನೇಹಿತನಾಗಿದ್ದನೆಂದೂ ಅವನೇ ಬರೆಯುತ್ತಾನೆ. ಹಾಗಿದ್ದರೆ ಹೊಸಮಲೆಯ ಕೊನೆಯ ದಿನದ ಕಥೆ ಅವನಿಗೆ ಸಿಕ್ಕಿದ್ದು ಕಂಪಿಲನ ಸ್ವಂತ ಮಗನಿಂದಲೇ ಇರಬಹುದು. ಇಲ್ಲೊಂದು ಆಕ್ಷೇಪ ಏಳುತ್ತದೆ. ಕಂಪಿಲ ಆಶ್ರಯ ಕೊಟ್ಟದ್ದು ಧರ್ಮಕ್ಕಾಗಿಯೇ, ಇಲ್ಲ ದೆಹಲಿಯ ಒಳಜಗಳದಲ್ಲಿ ಲಾಭ ನೋಡಿಯೇ? ಲಾಭದ ಲೆಕ್ಕ ಮೊದಲಿಗೆ ಇದ್ದಿರಬಹುದು. ಸುತ್ತ ವೈರಿಗಳಿದ್ದ ಅರಸ ಸುಲ್ತಾನನ ವೈರಿಯೊಬ್ಬನನ್ನು ಕೈಯಲ್ಲಿಟ್ಟುಕೊಳ್ಳಲು ಬಯಸಿದರೆ ಅಚ್ಚರಿಯಿಲ್ಲ. ಆದರೆ ರಾಜಕೀಯದ ಲೆಕ್ಕ ನಿಲ್ಲುವುದು ದವಸ ಮುಗಿಯುವವರೆಗೆ ಮಾತ್ರ. ಕಣಜ ಬರಿದಾದ ದಿನ ಆ ಒಬ್ಬನನ್ನು ಒಪ್ಪಿಸಿಬಿಟ್ಟಿದ್ದರೆ ರಾಜ್ಯ ಉಳಿಯುವ ದಾರಿಯಿತ್ತು. ಆ ದಾರಿ ತೆರೆದೇ ಇತ್ತೆಂಬುದನ್ನು ಕೆಲವೇ ದಿನಗಳಲ್ಲಿ ಬಲ್ಲಾಳ ಅದನ್ನೇ ಹಿಡಿದು ತೋರಿಸಿದ. ಒಬ್ಬನೇ ಆಶ್ರಿತ, ಒಂದೇ ಸೈನ್ಯ, ಇಬ್ಬರು ಅರಸರು, ಎರಡು ತೀರ್ಮಾನ. ಚರಿತ್ರೆಯಲ್ಲಿ ಇಷ್ಟು ನಿಚ್ಚಳವಾದ ಹೋಲಿಕೆ ಸಿಗುವುದು ಅಪರೂಪ.

ಇನ್ನು ಜನರ ಬಾಯಲ್ಲಿರುವ ಕಥೆ. ಮೊಳಕಾಲ್ಮೂರಿನ ಹತ್ತಿರದ ಜಟ್ಟಿಂಗ ರಾಮೇಶ್ವರನ ವರದಿಂದ ಕಂಪಿಲರಾಯನಿಗೂ ಹರಿಹರದೇವಿಗೂ ಹುಟ್ಟಿದ ಮಗ ರಾಮನಾಥನೇ ಕುಮಾರರಾಮ. ಬೊಲ್ಲನೆಂಬ ಕುದುರೆಗಾಗಿ ಓರುಗಲ್ಲಿನ ಪ್ರತಾಪರುದ್ರನನ್ನೇ ಎದುರಿಸಿದ ಪರಾಕ್ರಮಿ. ಕಂಪಿಲನಿಗೆ ಎಳೆಯ ಪ್ರಾಯದ ಇನ್ನೊಬ್ಬ ರಾಣಿಯಿದ್ದಳು, ಹೆಸರು ರತ್ನಾಜಿ. ಒಂದು ದಿನ ರಾಮ ಚೆಂಡಾಡುತ್ತಿರುವಾಗ ಚೆಂಡು ಅವಳ ಅರಮನೆಯೊಳಗೆ ಬಿತ್ತು. ತರಲು ಹೋದ ರಾಮನನ್ನು ಅವಳು ಬಯಸಿದಳು, ಅವನು ತಾಯಿಯೆಂದು ಕೈಮುಗಿದು ಹೊರಬಂದ. ಅವಮಾನದಿಂದ ಉರಿದ ರಾಣಿ ರಾಮನೇ ತನ್ನ ಮೇಲೆ ಕೈಮಾಡಿದನೆಂದು ಗಂಡನಿಗೆ ದೂರಿದಳು. ವಿಚಾರಣೆಯಿಲ್ಲದೆ ಕಂಪಿಲ ಮಗನ ತಲೆ ತರಿಸಲು ಹೇಳಿದ. ಮಂತ್ರಿ ಬೈಚಪ್ಪ ಅವಸರಪಡಲಿಲ್ಲ. ರಾಮನನ್ನು ನೆಲಮನೆಯಲ್ಲಿ ಅಡಗಿಸಿ, ಬೇರೆ ತಲೆ ತೋರಿಸಿ ಅರಸನನ್ನು ನಂಬಿಸಿದ. ರಾಮ ಸತ್ತನೆಂಬ ಸುದ್ದಿ ಕೇಳಿ ದೆಹಲಿಯ ದಂಡು ಬಂದಾಗ ಮಂತ್ರಿ ನೆಲಮನೆಯ ಬಾಗಿಲು ತೆರೆದ. ತನ್ನ ತಲೆ ಕೇಳಿದ ತಂದೆಯ ಕೋಟೆಯನ್ನು ರಾಮ ಉಳಿಸಿಕೊಟ್ಟ. ನಿಜ ಹೊರಬಿದ್ದು ರತ್ನಾಜಿ ಪ್ರಾಣ ಕಳೆದುಕೊಂಡಳು. ಮುಂದೊಂದು ದಿನ ದೆಹಲಿಯ ಸೈನ್ಯ ಮಾತಂಗಿಯೆಂಬ ವೀರೆಯ ಮುಂದಾಳುತನದಲ್ಲಿ ಮತ್ತೆ ಬಂತು. ಆ ಕಾಳಗದಲ್ಲಿ ರಾಮ ಮಡಿದ, ಅವನ ತಲೆ ದೆಹಲಿಗೆ ಹೋಯಿತು. ಹಾಡುವವರು ಅವನನ್ನು ಕರೆಯುವುದು ಒಂದೇ ಹೆಸರಿನಿಂದ: ಪರನಾರೀ ಸಹೋದರ.

ಈ ಹೆಸರಿನ ಬಳಿ ಸ್ವಲ್ಪ ನಿಲ್ಲಬೇಕು. ಪರನಾರೀ ಸಹೋದರ ಎಂಬುದು ಹಾಡುಗಾರರು ಹೊಸದಾಗಿ ಕಟ್ಟಿದ ಪದವಲ್ಲ. ಕನ್ನಡ ಶಾಸನಗಳನ್ನು ತಿರುವಿದರೆ ಸಾಮ್ರಾಟನಿಂದ ಹಿಡಿದು ನಾಲ್ಕು ಹಳ್ಳಿಯ ಒಡೆಯನವರೆಗೆ ಎಷ್ಟೋ ಜನರ ಬಿರುದಾವಳಿಯಲ್ಲಿ ಅದು ಸಿಗುತ್ತದೆ. ಅದರ ಜೊತೆಯಲ್ಲೇ ಬರುವ ಇನ್ನೊಂದು ಬಿರುದು ಶರಣಾಗತ ವಜ್ರಪಂಜರ, ಅಂದರೆ ಮರೆಹೊಕ್ಕವರಿಗೆ ವಜ್ರದ ಗೂಡಿನಂತೆ ಇರುವವನು. ದಾನ ಕೊಟ್ಟರೂ ಕೆರೆ ಕಟ್ಟಿಸಿದರೂ ಶಾಸನ ಬರೆಯುವ ಪಂಡಿತ ವಾಡಿಕೆಯಂತೆ ಈ ಮಾತುಗಳನ್ನು ಸೇರಿಸುತ್ತಿದ್ದ. ನಿಜವೋ ಸುಳ್ಳೋ ಎಂದು ಯಾರೂ ಕೇಳುತ್ತಿರಲಿಲ್ಲ. ಕಂಪಿಲಿಯ ತಂದೆ ಮಗನನ್ನು ಈ ಬಿರುದುಗಳ ಪಕ್ಕದಲ್ಲಿಟ್ಟು ನೋಡಿ. ತಂದೆ ಮರೆಹೊಕ್ಕವನನ್ನು ಒಪ್ಪಿಸದೆ ರಾಜ್ಯ, ಸಂಸಾರ, ಪ್ರಾಣ ಮೂರನ್ನೂ ಕೊಟ್ಟ. ಅದಕ್ಕೆ ಸಾಕ್ಷಿ ಹೊರನಾಡಿನ ಬರಹ. ಮಗ ಪರಸ್ತ್ರೀಯ ವಿಷಯದಲ್ಲಿ ಮಾತಿಗೆ ತಪ್ಪದೆ, ತಂದೆಯ ಕೈಯಲ್ಲೇ ತಲೆ ಹೋಗುವ ಸ್ಥಿತಿಗೆ ಬಂದ. ಅದಕ್ಕೆ ಸಾಕ್ಷಿ ಊರಿನ ಹಾಡು. ಶಾಸನದ ವಾಡಿಕೆಯ ಮಾತನ್ನು ಜನರು ಕಲ್ಲಿನಿಂದ ಕಿತ್ತು ತಂದು ಬದುಕಿದವರ ಮೇಲೆ ಹಾಕಿದರು, ಇದು ನಿನಗೆ ಹೊಂದುತ್ತದೆಯೇ ಎಂದು ಕೇಳಿದರು. ಒಂದು ಬಿರುದಿಗೆ ತಂದೆ, ಇನ್ನೊಂದಕ್ಕೆ ಮಗ ಉತ್ತರ ಕೊಟ್ಟರು. ಬೇರೆ ನೂರು ಅರಸರ ಬಿರುದುಗಳು ಕಲ್ಲಿನಲ್ಲೇ ಉಳಿದು ಈ ಇಬ್ಬರದು ಮಾತ್ರ ಬಾಯಿಗೆ ಬಂದದ್ದಕ್ಕೆ ಕಾರಣ ಇದೇ.

ಅರಸನನ್ನು ಹೀಗೆ ಅವನ ಮಾತಿಗೇ ಕಟ್ಟಿಹಾಕಿ ಅಳೆಯುವ ಬುದ್ಧಿ ಬೇರೆ ನಾಡುಗಳಲ್ಲೂ ಕಾಣುತ್ತದೆ. ಐರ್ಲೆಂಡಿನ ಮಧ್ಯಯುಗದ ಕಥೆಗಳಲ್ಲಿ ಕೊರ್ಮಾಕ್ ಮಾಕ್ ಆರ್ಟ್ ಎಂಬ ಅರಸ ಬರುತ್ತಾನೆ. ಕ್ರಿಸ್ತಶಕ 3ನೇ ಶತಮಾನದಲ್ಲಿ ತಾರಾ ಎಂಬ ಗುಡ್ಡದಿಂದ ಆಳಿದನೆಂದು ಅಲ್ಲಿನ ಮಠಗಳ ಬರಹಗಾರರು ಎಷ್ಟೋ ಶತಮಾನಗಳ ಮೇಲೆ ಬರೆದಿಟ್ಟರು. ಅವನು ಬಾಲಕನಾಗಿದ್ದಾಗ ಕುರಿಗಳು ರಾಣಿಯ ತೋಟದ ಬಣ್ಣದ ಗಿಡ ಮೇದ ವ್ಯಾಜ್ಯವೊಂದು ರಾಜಸಭೆಗೆ ಬಂತು. ಕುರಿಗಳೇ ರಾಣಿಗೆ ಸೇರಲಿ ಎಂದು ಆಗಿನ ಅರಸ ತೀರ್ಪಿತ್ತ. ಗಿಡದ ಮೇಲಿನ ಸೊಪ್ಪಿಗೆ ಕುರಿಯ ಮೇಲಿನ ಉಣ್ಣೆ ಸಾಕು, ಎರಡೂ ಮತ್ತೆ ಬೆಳೆಯುತ್ತವೆ ಎಂದು ಬಾಲಕ ಹೇಳಿದ. ತಪ್ಪು ತೀರ್ಪು ಹೊರಟ ಮನೆಯ ಒಂದು ಮಗ್ಗುಲು ಕುಸಿಯಿತಂತೆ. ಅರಸನ ನಾಲಿಗೆಯ ಸತ್ಯದಿಂದ ಬೆಳೆ, ಹಾಲು, ಮೀನು ಎಲ್ಲ ಸಮೃದ್ಧವಾಗುತ್ತವೆ ಎಂಬುದು ಅಲ್ಲಿನ ನಂಬಿಕೆ. ಕೊರ್ಮಾಕ್ ನಿಜಕ್ಕೂ ಇದ್ದನೇ ಎಂದು ಇಂದಿನ ವಿದ್ವಾಂಸರು ಸಂಶಯಪಡುತ್ತಾರೆ. ತಾರಾದ ಹಳೆಯ ದಿಬ್ಬವೊಂದು ಸುಮಾರು 5000 ವರ್ಷ ಹಿಂದಿನದು, ಆ ಅರಸರ ಕಥೆಗಳಿಗೂ ಅದಕ್ಕೂ ಕಾಲದ ನಂಟೇ ಇಲ್ಲ. ಆದರೂ ಕಥೆ ವ್ಯರ್ಥವಲ್ಲ. ಆ ಜನ ಅರಸನಿಂದ ಏನನ್ನು ಬಯಸಿದರು ಎಂಬುದರ ನಂಬಿಕಸ್ಥ ದಾಖಲೆ ಅದು. ನಮ್ಮ ಭಾಗ್ಯ ಇನ್ನೂ ಹೆಚ್ಚಿನದು. ಕಂಪಿಲಿಯಲ್ಲಿ ಐತಿಹ್ಯದ ಪಕ್ಕದಲ್ಲೇ ಶಾಸನವಿದೆ, ಆ ಕಾಲಕ್ಕೆ ತೀರ ಹತ್ತಿರದ ಸಾಕ್ಷಿಯಿದೆ, ಬಿದ್ದ ಕೋಟೆಯ ಗೋಡೆಯಿದೆ. ಕಥೆ ಎಲ್ಲಿ ನಡೆದದ್ದನ್ನು ಹಿಡಿಯಿತು, ಎಲ್ಲಿ ತನ್ನ ಬಯಕೆಯನ್ನು ಸೇರಿಸಿತು ಎಂದು ನಾವು ಬೇರ್ಪಡಿಸಿ ನೋಡಬಹುದು.

ಹಾಗೆ ಬೇರ್ಪಡಿಸಿದಾಗ ಮೊದಲು ಎದುರಾಗುವ ಆಕ್ಷೇಪ ಗಟ್ಟಿಯಾದದ್ದೇ. ಮಲತಾಯಿ ಮಗನನ್ನು ಬಯಸಿ, ಒಪ್ಪದಿದ್ದಾಗ ದೂರುವ ಕಥೆ ಲೋಕದಲ್ಲೆಲ್ಲ ಇದೆ. ಗ್ರೀಕರಲ್ಲಿ ಹಿಪ್ಪೊಲಿಟಸ್, ಬೌದ್ಧರಲ್ಲಿ ಅಶೋಕನ ಮಗ ಕುಣಾಲ, ಆಂಧ್ರದಲ್ಲಿ ರಾಜರಾಜ ನರೇಂದ್ರನ ಮಗ ಸಾರಂಗಧರ, ಎಲ್ಲರಿಗೂ ಇದೇ ಕಷ್ಟ. ಸಾರಂಗಧರನ ಕಥೆಯಲ್ಲಿ ಚೆಂಡಿನ ಜಾಗದಲ್ಲಿ ಪಾರಿವಾಳವಿದೆ, ಅಷ್ಟೇ. ಹಾಗಾದರೆ ರತ್ನಾಜಿಯ ಪ್ರಸಂಗ ತಿರುಗಾಡುವ ಕಥೆಯೊಂದು ರಾಮನ ಮೇಲೆ ಬಂದು ಕೂತದ್ದು ಮಾತ್ರ, ಅದರಿಂದ ಏನು ತಿಳಿಯುತ್ತದೆ ಎಂದು ಕೇಳಬಹುದು. ಪ್ರಸಂಗ ಎರವಲೇ ಇರಬಹುದೆಂದು ನಾನು ಒಪ್ಪುತ್ತೇನೆ. ಆದರೆ ಎರವಲು ತಂದ ಬಟ್ಟೆಯನ್ನು ಯಾರ ಮೈಗೆ ಹೇಗೆ ಕತ್ತರಿಸಿ ಹೊಲಿದರೆಂಬುದು ಎರವಲಲ್ಲ. ಹಿಪ್ಪೊಲಿಟಸ್ ಶಾಪಕ್ಕೆ ಸಿಕ್ಕಿ ಸಾಯುತ್ತಾನೆ. ಕುಣಾಲ ಕಣ್ಣು ಕಳೆದುಕೊಳ್ಳುತ್ತಾನೆ, ಸಾರಂಗಧರ ಕೈಕಾಲು ಕಳೆದುಕೊಳ್ಳುತ್ತಾನೆ. ಆ ಕಥೆಗಳು ನಿರಪರಾಧಿಗಾದ ನೋವಿನ ಸುತ್ತ ನಿಲ್ಲುತ್ತವೆ. ಕುಮ್ಮಟದ ಹಾಡು ಅಲ್ಲಿ ನಿಲ್ಲುವುದಿಲ್ಲ. ತಪ್ಪು ತೀರ್ಪಿಗೆ ಗುರಿಯಾದವನನ್ನು ನೆಲಮನೆಯಿಂದ ಹೊರತಂದು, ಅದೇ ತೀರ್ಪು ಕೊಟ್ಟ ಕೋಟೆಯ ಬಾಗಿಲಲ್ಲಿ ಕಾವಲಿಗೆ ನಿಲ್ಲಿಸುತ್ತದೆ. ಮುತ್ತಿಗೆಯ ನೆನಪು, ದೆಹಲಿಯ ದಂಡು, ಕಡೆಯ ಸೋಲು ಎಲ್ಲವನ್ನೂ ಅದು ಕಾಪಾಡಿಕೊಂಡಿದೆ. ಸುತ್ತಾಡುವ ಕಥೆಯನ್ನು ಈ ಊರಿನವರು ತಮ್ಮ ಊರಿನ ಗಾಯಕ್ಕೆ ಪಟ್ಟಿಯಾಗಿ ಕಟ್ಟಿಕೊಂಡರು ಎನ್ನುವುದೇ ಸರಿ.

ಎರಡನೆಯ ಆಕ್ಷೇಪವನ್ನು ಇಷ್ಟು ಸುಲಭವಾಗಿ ದಾಟಲಾಗದು. ಈ ಕಥೆಯಲ್ಲಿ ಹೆಣ್ಣಿಗೆ ನ್ಯಾಯ ಸಿಕ್ಕಿಲ್ಲ. ಮುಪ್ಪಿನ ಅರಸ ಎಳೆಯ ಹೆಣ್ಣನ್ನು ಮನೆತುಂಬಿಸಿಕೊಂಡ, ಕೇಡಿಗೆಲ್ಲ ಅವಳೇ ಕಾರಣವೆಂದು ಕಥೆ ಬೆರಳು ತೋರಿಸಿತು. ಪರನಾರೀ ಸಹೋದರ ಎಂಬ ಮಾತೂ ಹೆಣ್ಣನ್ನು ಇನ್ನೊಬ್ಬನ ಸೊತ್ತಾಗಿಯೇ ನೋಡುತ್ತದೆ. ಇದನ್ನು ಮರೆಮಾಚಿ ಕುಮಾರರಾಮನನ್ನು ಕೊಂಡಾಡುವುದು ಪ್ರಾಮಾಣಿಕತೆಯಲ್ಲ. ಆದರೂ ಎರಡು ಮಾತು ಹೇಳಲೇಬೇಕು. ಮೊದಲನೆಯದು, ಹಾಡು ತಂದೆಯನ್ನು ಬಿಟ್ಟಿಲ್ಲ. ವಿಚಾರಿಸದೆ ತಲೆ ಕಡಿಸಲು ಹೊರಟ ಅರಸನ ಮುಂದೆ ವಿವೇಕಿಯಾದ ಮಂತ್ರಿಯನ್ನು ನಿಲ್ಲಿಸಿ, ಅಧಿಕಾರದ ಅವಸರವೇ ದೊಡ್ಡ ತಪ್ಪೆಂದು ಅದು ತೋರಿಸುತ್ತದೆ. ಎರಡನೆಯದು, ಕಥೆ ಗಂಡಿನ ಸಂಯಮವನ್ನು ಅರಸುತನದ ಅರ್ಹತೆಯಾಗಿ ಕೇಳಿತು. ಗೆದ್ದವರು ಸೋತವರ ರಾಣಿವಾಸವನ್ನು ಲೂಟಿಯ ಭಾಗವೆಂದು ಎಣಿಸುತ್ತಿದ್ದ ಕಾಲದಲ್ಲಿ ಅದು ಚಿಕ್ಕ ಬೇಡಿಕೆಯಲ್ಲ. ಆದರೆ ಹೊಸಮಲೆಯಲ್ಲಿ ಬೆಂಕಿಗೆ ಹಾರಿದ ಹೆಂಗಸರಲ್ಲಿ ಒಬ್ಬಳ ಹೆಸರನ್ನೂ ಪ್ರವಾಸಿ ಬರೆಯಲಿಲ್ಲ. ತಂದೆಯ ಬಿರುದಿಗೆ ಬೆಲೆ ತೆತ್ತವರಲ್ಲಿ ಅವರೂ ಇದ್ದರು. ಅವರು ಒಪ್ಪಿದರೋ ಇಲ್ಲವೋ ಎಂದು ಕೇಳುವವರಿರಲಿಲ್ಲ. ಇಂದು ಈ ಕಥೆ ಹೇಳುವವರು ಆ ಸಾಲವನ್ನು ನೆನೆದು ಹೇಳಬೇಕು.

ಮೂರನೆಯದು ಇತ್ತೀಚೆಗೆ ಹೆಚ್ಚು ಕೇಳುವ ಓದು: ಇದು ಹಿಂದೂ ಅರಸರಿಗೂ ಮುಸ್ಲಿಂ ಸುಲ್ತಾನರಿಗೂ ನಡೆದ ಧರ್ಮಯುದ್ಧದ ಮೊದಲ ಅಧ್ಯಾಯ, ವಿಜಯನಗರ ಅದರ ಮುಂದಿನ ಅಧ್ಯಾಯ ಎಂಬುದು. ದಾಖಲೆಗಳ ಮುಂದೆ ಈ ಓದು ನಿಲ್ಲುವುದಿಲ್ಲ. ಕಂಪಿಲ ಪ್ರಾಣ ಕೊಟ್ಟದ್ದು ಒಬ್ಬ ಮುಸ್ಲಿಂ ಸರದಾರನನ್ನು ಕಾಯಲು. ಅವನನ್ನು ಬೇಟೆಯಾಡುತ್ತಿದ್ದವನು ಮುಸ್ಲಿಂ ಸುಲ್ತಾನ, ಕಡೆಗೆ ಹಿಡಿದುಕೊಟ್ಟವನು ಹಿಂದೂ ಅರಸ. ಅದೇ ಬಲ್ಲಾಳ ಕೆಲವೇ ವರ್ಷ ಮೊದಲು ಕಂಪಿಲನ ಮೇಲೆ ದಂಡೆತ್ತಿ ಬಂದಿದ್ದ. ಕಾವ್ಯದ ರಾಮನೂ ದೆಹಲಿಯವರಿಗಿಂತ ಮುಂಚೆ ಓರುಗಲ್ಲಿನ ಪ್ರತಾಪರುದ್ರನೊಡನೆ ಸೆಣಸಿದವನು. ಸುಲ್ತಾನನ ಮಗಳೇ ಕನಸಿನಲ್ಲಿ ರಾಮನನ್ನು ಕಂಡು ಮೆಚ್ಚಿದಳೆಂದು ಹಾಡುವ ಜನರಿಗೆ ದೆಹಲಿ ಬರಿಯ ಶತ್ರುವಿನ ಊರಾಗಿರಲಿಲ್ಲ. ಯುದ್ಧದ ಕ್ರೌರ್ಯ ನಿಜ, ಸೆರೆಯಾದವರ ಧರ್ಮ ಬದಲಾದದ್ದೂ ನಿಜ. ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಕಂಪಿಲನನ್ನು ಧರ್ಮಯುದ್ಧದ ಬಾವುಟವಾಗಿಸಿದರೆ ಅವನು ಯಾವುದಕ್ಕಾಗಿ ಸತ್ತನೋ ಅದನ್ನೇ ಅಳಿಸಿದಂತೆ. ಮರೆಹೊಕ್ಕವನ ಜಾತಿ, ಮತ ಕೇಳಲಿಲ್ಲ ಎಂಬುದರಲ್ಲೇ ಅವನ ಹಿರಿಮೆಯಿದೆ.

ಕೊನೆಯ ಆಕ್ಷೇಪ ಚರಿತ್ರೆಕಾರರದು. ಹನ್ನೊಂದು ಮಕ್ಕಳ ಲೆಕ್ಕ ಹೇಳಿದ ಇಬ್ನ್ ಬತೂತಾ ರಾಮನ ಹೆಸರೆತ್ತಿಲ್ಲ. ಹಾಗಾದರೆ ಕುಮಾರರಾಮ ಇದ್ದನೇ? ಹಾವೇರಿ ತಾಲ್ಲೂಕಿನ ಸಂಗೂರಿನಲ್ಲಿ ವಿಜಯನಗರ ಕಾಲದ ಶಾಸನವೊಂದು ಖಂಡೆಯರಾಯ ಕಂಪಿಲರಾಯನ ಮಗ ಕುಮಾರ ರಾಮನಾಥನನ್ನು ಹೆಸರಿಸುತ್ತದೆ. ಕಾವ್ಯಗಳಿಗಿಂತ ಮೊದಲೇ ಅವನು ಪೂಜ್ಯನಾಗಿದ್ದ ಎನ್ನಲು ಅಷ್ಟು ಸಾಕು. ಪ್ರವಾಸಿ ಕಂಡದ್ದು ಬದುಕಿ ಉಳಿದ ಮಕ್ಕಳನ್ನು, ಸತ್ತವನನ್ನು ಅವನು ದೆಹಲಿಯಲ್ಲಿ ಕಾಣುವಂತಿರಲಿಲ್ಲ. ಪೋರ್ಚುಗೀಸ್ ವ್ಯಾಪಾರಿ ನ್ಯೂನಿಜ್ 16ನೇ ಶತಮಾನದಲ್ಲಿ ವಿಜಯನಗರದ ಚರಿತ್ರೆ ಬರೆಯಲು ಕೂತಾಗ ಅದನ್ನು ಆರಂಭಿಸಿದ್ದು ದೆಹಲಿಯ ಅರಸ ಆನೆಗೊಂದಿಯ ಕಡೆ ದಂಡೆತ್ತಿ ಬಂದ ಮುತ್ತಿಗೆಯಿಂದಲೇ. ಇಸವಿಯನ್ನು ಮಾತ್ರ 1230 ಎಂದು ಸುಮಾರು 100 ವರ್ಷ ಹಿಂದಕ್ಕೆ ತಳ್ಳಿದ. ಅಂದರೆ 200 ವರ್ಷ ಕಳೆದರೂ ಹಂಪಿಯ ಪೇಟೆಬೀದಿಯಲ್ಲಿ ಈ ಸೋಲೇ ಸಾಮ್ರಾಜ್ಯದ ಮೊದಲ ಪುಟವೆಂಬ ನೆನಪಿತ್ತು. ಎನ್. ವೆಂಕಟರಮಣಯ್ಯನವರು 1929ರಲ್ಲಿ ಕಂಪಿಲಿಯನ್ನೂ ವಿಜಯನಗರವನ್ನೂ ಒಂದೇ ಪುಸ್ತಕದಲ್ಲಿಟ್ಟು ನೋಡಿದ್ದು ಇದಕ್ಕಾಗಿಯೇ. ರಾಮ ನಡೆಸಿದನೆನ್ನುವ ಒಂದೊಂದು ಕಾಳಗಕ್ಕೂ ತಾರೀಖು ಕೇಳುವುದು ಹಾಡಿನಿಂದ ಅದು ಕೊಡಲಾಗದ್ದನ್ನು ಕೇಳಿದಂತೆ. ಅರಸ ಹೇಗಿರಬೇಕೆಂದು ಆ ಜನ ಬಯಸಿದರು ಎಂದು ಕೇಳಿದರೆ ಅದು ತಪ್ಪದೆ ಉತ್ತರಿಸುತ್ತದೆ.

ಆ ಉತ್ತರದ ಅತ್ಯಂತ ಗಟ್ಟಿ ರೂಪ ಮರದ ತಲೆಗಳೇ ಎಂದು ನನಗೆ ತೋರುತ್ತದೆ. ಕಥೆಯಲ್ಲಿ ಎರಡು ಸಲ ರಾಮನ ತಲೆಯನ್ನು ಕೇಳಿದರು. ಒಮ್ಮೆ ತಂದೆ ಕೇಳಿದ, ಮಂತ್ರಿ ಸುಳ್ಳು ತಲೆ ಕೊಟ್ಟ. ಇನ್ನೊಮ್ಮೆ ದೆಹಲಿ ಕೇಳಿತು, ನಿಜವಾದ ತಲೆಯೇ ಹೋಯಿತು. ದೊರೆಗಳಿಬ್ಬರೂ ಬಯಸಿದ ಆ ತಲೆಯನ್ನು ಜನ ಮರದಲ್ಲಿ ಕೆತ್ತಿ ತಮ್ಮ ಬಳಿ ಇಟ್ಟುಕೊಂಡರು. ಅವನು ನಮ್ಮವನೆಂದು ಬೇಡ ನಾಯಕ ಸಮುದಾಯ ಎದೆ ತಟ್ಟಿ ಹೇಳುತ್ತದೆ, ಮಲೆನಾಡಿನ ಊರು ತನ್ನ ಗಡಿಗೆ ಅವನೇ ಕಾವಲೆನ್ನುತ್ತದೆ. ಕಂಪಿಲಿ ಉರಿದು ಹತ್ತು ವರ್ಷವೂ ಕಳೆಯುವ ಮುಂಚೆ ಅದೇ ಹೊಳೆದಂಡೆಯಲ್ಲಿ ಎದ್ದ ರಾಜ್ಯ 200 ವರ್ಷಕ್ಕೂ ಮಿಕ್ಕಿ ಹಂಪಿಯಿಂದ ಆಳಿತು. ಅದರ ಕಲ್ಲಿನ ರಥ ಇಂದು 50 ರೂಪಾಯಿ ನೋಟಿನ ಮೇಲಿದೆ. ಕಂಪಿಲನಿಗೆ ಉಳಿದದ್ದು ಹೇಮಕೂಟದ ಮೇಲಿನ ಒಂದು ಗುಡಿ, ಕುಮ್ಮಟದ ಬಂಡೆಗಳ ನಡುವಿನ ಕೋಟೆಯ ತುಣುಕು, ಸಂಡೂರಿನ ಸಾಲಿನಲ್ಲಿ ರಾಮನ ಹೆಸರು ಹೊತ್ತ ಬೆಟ್ಟ. ಹಂಪಿಯ ಒಂದೊಂದು ಕಲ್ಲಿಗೂ ಕಾವಲಿರುವಾಗ ಈ ಕೋಟೆಗಳನ್ನು ಮುಳ್ಳುಕಂಟಿಗೆ ಬಿಡುವುದು ಸರಿಯಲ್ಲ. ಹೊಸಪೇಟೆಗೆ ಬಂದಿಳಿಯುವ ಪ್ರವಾಸಿಗೆ ಕುಮ್ಮಟದ ದಾರಿಯನ್ನೂ ತೋರಿಸಬೇಕು, ಶಾಲೆಯ ಮಕ್ಕಳನ್ನು ಹೇಮಕೂಟಕ್ಕೆ ಕರೆದೊಯ್ದಾಗ ಆ ಮೂರು ಲಿಂಗದ ಗುಡಿಯ ಮುಂದೆ ನಿಲ್ಲಿಸಿ ಕಟ್ಟಿಸಿದವನ ಹೆಸರನ್ನು ಓದಿಸಬೇಕು. ಶಾಸನದಲ್ಲಿ ಅವನು ಗುಡಿ ಕಟ್ಟಿಸಿದ ಸಂಗತಿ ಮಾತ್ರ ಇದೆ. ಮುಂದೆ ಅವನು ಏನು ಮಾಡಿದ, ಬಾಗಿಲಿಗೆ ಬಂದ ಪರನಾಡಿನವನಿಗಾಗಿ ಏನನ್ನು ಕೊಟ್ಟ ಎಂಬುದನ್ನು ಹೇಳುವ ಕೆಲಸ, ದರೋಜಿಯ ಹಾಡು ನಿಂತ ಮೇಲೆ, ನಮ್ಮ ಮೇಲಿದೆ.